ಈರಮ್ಮನ ಹೆಬ್ಬೆರಳು, ಶಾರದಾಳ ಫೋನು

ವಕೀಲರಿಗೆ ನಿವೃತ್ತಿ ಇಲ್ಲ ಎಂದು ನಮ್ಮ ಬಾರ್ ರೂಮಿನ ಹಿರಿಯರು ಹೇಳುತ್ತಿದ್ದರು. ನನಗೆ ಇತ್ತು. ಹೊಸಪೇಟೆ ಕೋರ್ಟಿನ ಮೆಟ್ಟಿಲು ಹತ್ತುವಾಗ ಒಂದು ದಿನ ನನ್ನ ಎಡ ಮೊಣಕಾಲು “ಸಾಕು ತಾಯಿ” ಎಂದಿತು. ಅದರ ವಾದವನ್ನು ಪೂರ್ತಿ ಕೇಳಿ, ಪ್ರತಿವಾದ ಮಾಡದೆ, ಕೋಟು ಮಡಚಿಟ್ಟೆ. ಈಗ ಮನೆಯ ಪಡಸಾಲೆಯಲ್ಲಿ ಕುಳಿತು, ಹೊಸದಾಗಿ ಕೋಟು ಹೊಲಿಸುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಕಾನೂನು ಓದಿಕೊಂಡೇ ಬಂದಿರುತ್ತೀರಿ, ಅದನ್ನು ನಾನು ಕಲಿಸಬೇಕಿಲ್ಲ. ಆ ಕಾನೂನನ್ನು ಎತ್ತಿಕೊಂಡು ಕಂಪ್ಲಿ ಬಸ್ಸಿನಲ್ಲಿ ನಿಂತು ಹೋಗುವುದು ಹೇಗಿರುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ನಮ್ಮದು ಬೌದ್ಧರ ಮನೆ. ಅಪ್ಪ ಡ್ಯಾಮಿನಲ್ಲಿ ಗೇಟುಗಳಿಗೆ ಗ್ರೀಸು ಹಚ್ಚುವ ಕೆಲಸಗಾರ. ನಮ್ಮ ಓಣಿಯಲ್ಲಿ ಕಪ್ಪು ಕೋಟು ಹಾಕಿದ ಮೊದಲ ಹೆಣ್ಣು ನಾನೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ವಿನಯ ಬೇಕಾದವರು ಬೇರೆಯವರ ನೆನಪುಗಳನ್ನು ಓದಿಕೊಳ್ಳಲಿ.

ನನ್ನ ಸೀನಿಯರ್ ಬುಕ್ಕಸಾಗರದ ಕಡೆಯವರು, ತಿಪ್ಪೇರುದ್ರಯ್ಯ. ಅವರ ಸಿಟ್ಟು ನೋಡಿ ಜೂನಿಯರುಗಳಾದ ನಾವು ಅವರಿಗೆ ದರೋಜಿ ಕರಡಿ ಎಂದು ಹೆಸರಿಟ್ಟಿದ್ದೆವು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಅವರದೊಂದು ಪದ್ಧತಿ ಇತ್ತು. ಕಕ್ಷಿದಾರ ಹೇಳಿದ್ದನ್ನೆಲ್ಲ ಕೇಳಿ, ಅದನ್ನೇ ಅವನ ಮಾತಿನಲ್ಲೇ ಅವನಿಗೆ ತಿರುಗಿ ಹೇಳುತ್ತಿದ್ದರು. “ಹಿಂಗೇನಪಾ ನೀ ಹೇಳಿದ್ದು?” ಎಂದು ಕೇಳುತ್ತಿದ್ದರು. ಅವನು ಹೌದೆನ್ನುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಅವಸರದಲ್ಲಿ ಒಬ್ಬ ರೈತನ ದೂರನ್ನು ನನ್ನ ಕಾಲೇಜು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ತಂದಾಗ, ಕಾರ್ಬನ್ ಪ್ರತಿಗಳ ಸಮೇತ ಕಿಟಕಿಯಿಂದ ಆಚೆ ಎಸೆದು, “ಇದರಾಗ ಆ ಮನಷ್ಯಾ ಎಲ್ಲದಾನ ತೋರ್ಸು” ಎಂದಿದ್ದರು. ಕಾಗದ ಆಯ್ದುಕೊಂಡು ಬರಲು ನಾನು ಕೆಳಗೆ ಹೋದೆ. ಸಿಟ್ಟೂ ಬಂತು, ಅಳುವೂ ಬಂತು. ಅವರು ಹೋಗಿ ವರ್ಷಗಳಾದರೂ ಇವತ್ತಿಗೂ ನನ್ನದು ಅವರದೇ ಪದ್ಧತಿ.

ನಾನು ಶುರುಮಾಡಿದಾಗ ಬ್ಯಾಂಕಿನ ಕೇಸು ಎಂದರೆ ಚೆಕ್ಕು, ಜಾಮೀನು, ಜಪ್ತಿ. ಕಳ್ಳ ಕಣ್ಣಿಗೆ ಕಾಣುತ್ತಿದ್ದ. ಆಮೇಲೆ ಕಳ್ಳ ಕಾಣದಂತಾದ. ಗ್ರಾಹಕರ ಹೆಸರು, ನಂಬರು, ಸಹಿ, ಬೆರಳಚ್ಚು ಎಲ್ಲ ಯಾವುದೋ ಕಂಪ್ಯೂಟರಿನಿಂದ ಸೋರಿ ಎಲ್ಲಿಗೋ ಹೋಗುತ್ತಿತ್ತು, ಇಲ್ಲಿ ಹಂಪಿಯಲ್ಲಿ ಒಬ್ಬ ಎದೆ ಹಿಡಿದುಕೊಂಡು ಕೂರುತ್ತಿದ್ದ. ನಮ್ಮ ಬಾರ್‌ನಲ್ಲಿ ಇಂಥ ಕೇಸು ಮುಟ್ಟಲು ಹಿಂಜರಿಯುತ್ತಿದ್ದರು. “ಕಂಪ್ಯೂಟರ್ ವಿಷಯ ಮೇಡಂ, ಬೆಂಗಳೂರಿಗೆ ಕಳ್ಸಿಬಿಡ್ರಿ” ಎನ್ನುತ್ತಿದ್ದರು. ನಾನು ಕಳಿಸಲಿಲ್ಲ. ನಮ್ಮ ಜನರ ಕಳುವು, ನಾವೇ ಕೇಳಬೇಕು ಅಂತ ಹಟ.

ಮೊದಲು ಸೋತಿದ್ದನ್ನೇ ಹೇಳಿಬಿಡುತ್ತೇನೆ. ಹಂಪಿಯಲ್ಲಿ ಪ್ರವಾಸಿಗರಿಗೆ ಸೈಕಲ್ಲು, ಮೊಪೆಡ್ಡು ಬಾಡಿಗೆಗೆ ಕೊಡುವ ಗಾಳೆಪ್ಪ ಅಂತ ಒಬ್ಬರು. ಅವರಿಗೆ ಒಂದು ಫೋನು ಬಂತು. ಮಾತಾಡಿದವನಿಗೆ ಇವರ ಹೆಸರು, ಖಾತೆಯ ಕೊನೆಯ ಅಂಕಿಗಳು, ಹಿಂದಿನ ವಾರ ತೆಗೆದ ಹಣ ಎಲ್ಲ ಗೊತ್ತು. ಇಷ್ಟೆಲ್ಲ ಗೊತ್ತಿರುವವನು ಬ್ಯಾಂಕಿನವನೇ ಇರಬೇಕೆಂದು ಇವರು ಓಟಿಪಿ ಹೇಳಿಬಿಟ್ಟರು. ತಕ್ಷಣ ಖಾತೆಯಿಂದ ಹಣ ಹೋಗಲು ಶುರುವಾಯಿತು. ಆಗ ಗಾಳೆಪ್ಪ ಮಾಡಿದ್ದೇನು? ಮೊಪೆಡ್ ಹತ್ತಿ ನೇರ ಹೊಸಪೇಟೆಗೆ ಬಂದರು. ಬ್ಯಾಂಕಿಗಲ್ಲ, ನನ್ನ ಹತ್ತಿರ! ನಾನು ಒಳಗೆ ಒಂದು ಸಾಕ್ಷಿಯ ಪಾಟೀಸವಾಲಿನಲ್ಲಿದ್ದೆ. ಅವರು ಹೊರಗೆ ಬೇವಿನ ಮರದ ಕೆಳಗೆ ಕುಳಿತು ಕಾದರು. ಅವರು ಕಾಯುತ್ತಿದ್ದಾಗಲೂ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು.

“ಬ್ಯಾಂಕಿಗೆ ಹೇಳಿದ್ರೇನು?” ಎಂದೆ.

“ಇಲ್ರಿ ಮೇಡಂ. ನಿಮಗ ಹೇಳಿದ್ರ ಎಲ್ಲಾ ಆತಲ್ಲ ಅಂತ ಬಂದೆ. ನೀವಂದ್ರ ಭಾಳ ನಂಬಿಕಿ ನನಗ.”

ನನ್ನ ಮೇಲಿನ ಆ ನಂಬಿಕೆಯೇ ಅವರನ್ನು ಮುಳುಗಿಸಿತು. ನಿಯಮ ಸರಳ. ಸೋರಿಕೆ ಬ್ಯಾಂಕಿನ ಕಡೆಯದೇ ಇದ್ದರೂ, ಗುಟ್ಟಿನ ಸಂಖ್ಯೆಯನ್ನು ಗ್ರಾಹಕ ತಾನೇ ಬಾಯಿ ಬಿಟ್ಟು ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಗಾಳೆಪ್ಪ ತಿಳಿಸಿದ್ದು ಎಲ್ಲ ಖಾಲಿಯಾದ ಮೇಲೆ. ಸೋತೆವು. ಆ ಮೇಲೆ ನನ್ನ ಕಚೇರಿಯ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆಸಿದೆ: “ಖಾತೆಯಿಂದ ಹಣ ಹೋಗುತ್ತಿದ್ದರೆ ಒಳಗೆ ಬರಬೇಡಿ. ಮೊದಲು ಬ್ಯಾಂಕಿಗೆ ಮತ್ತು ಸೈಬರ್ ಸಹಾಯವಾಣಿಗೆ ತಿಳಿಸಿ.” ಕಕ್ಷಿದಾರರನ್ನು ಬಾಗಿಲಲ್ಲೇ ಓಡಿಸುವ ವಕೀಲೆ ಎಂದು ಬಾರ್‌ನಲ್ಲೆಲ್ಲ ನಕ್ಕರು. ನಗಲಿ. ಗಾಳೆಪ್ಪ ಈಗಲೂ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾರೆ, ಈಗಲೂ ನನ್ನನ್ನು ನಂಬುತ್ತಾರೆ, ನನಗೆ ಈಗಲೂ ಸಂಕಟವಾಗುತ್ತದೆ.

ಸಂಡೂರಿನ ಅದಿರು ಲಾರಿ ಡ್ರೈವರ್ ಯರ್ರಿಸ್ವಾಮಿಯದು ಇನ್ನೊಂದು ರೀತಿ. ಅವನು ಬ್ಯಾಂಕಿಗೆ ಕೊಟ್ಟ ಕಾಗದಗಳು ಹೇಗೋ ಸೋರಿ, ಅವನ ಹೆಸರಿನಲ್ಲಿ ಯಾರೋ ಸಾಲ ತೆಗೆದಿದ್ದರು. ವಸೂಲಿಯವರು ಅವನ ಮಾವನ ಮನೆಗೂ ಫೋನು ಮಾಡಿ ಬೈಯುತ್ತಿದ್ದರು. ಅವನು ಬಂದು ಕುಳಿತ ತಕ್ಷಣ ಫೀಸು ಎಷ್ಟು ಎಂದ. ನಾನು, “ಇಲ್ಲಿ ನನಗ ಕೆಲಸಾನೇ ಇಲ್ಲಪಾ” ಎಂದೆ. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡು, ತಿಂಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್‌ಗೆ ಬರಿ, ಅಲ್ಲಿ ಖರ್ಚಿಲ್ಲ, ವಕೀಲರ ಮೂಲಕ ಹೋದರೆ ದೂರನ್ನು ಮುಟ್ಟುವುದೂ ಇಲ್ಲ ಎಂದು ವಿವರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ.

“ವಕೀಲ್ರು ಬ್ಯಾಡ ಅಂತ ವಕೀಲ್ರ ಹೇಳ್ತಾರಂದ್ರ, ಇದರಾಗ ಏನೋ ಐತಿ ಬಿಡ್ರಿ” ಎಂದು ಎದ್ದು ಹೋಗಿ, ಇನ್ನಿಬ್ಬರು ವಕೀಲರನ್ನು ವಿಚಾರಿಸಿಕೊಂಡು, ಮರುದಿನ ತಿರುಗಿ ಬಂದ. ಅವನು ಹೇಳುತ್ತ ಹೋದ, ನಾನು ಅವನ ಮಾತಿನಲ್ಲೇ ದೂರು ಬರೆದುಕೊಟ್ಟೆ. ಸಾಲ ಅವನದಲ್ಲವೆಂದು ತೀರ್ಮಾನವಾಯಿತು, ದಾಖಲೆಯಿಂದ ಅವನ ಹೆಸರು ತೆಗೆದರು. ಅವನು ಮಿರ್ಚಿ ಮಂಡಕ್ಕಿಯ ದೊಡ್ಡ ಪೊಟ್ಟಣ ತಂದು ಮೇಜಿನ ಮೇಲಿಟ್ಟ. ಫೀಸಿಲ್ಲದ ಗೆಲುವುಗಳಲ್ಲಿ ಅದು ನನಗೆ ರುಚಿಯಾದದ್ದು.

ಈಗ ಮೆಟ್ರಿಯ ಕೇಸು. ಇದನ್ನು ಹೇಳಲೆಂದೇ ಇಷ್ಟೆಲ್ಲ ಪೀಠಿಕೆ.

ಒಂದು ಮಧ್ಯಾಹ್ನ ನನ್ನ ಕಚೇರಿಗೆ ಮಧ್ಯವಯಸ್ಸಿನ ಹೆಂಗಸೊಬ್ಬಳು ಬಂದು ಬಾಗಿಲ ಬರಹವನ್ನು ಪೂರ್ತಿ ಓದಿ, ಆಮೇಲೂ ಒಳಗೆ ಬಂದಳು. ಹೆಸರು ಶಾರದಾ. ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ ಅಂಗನವಾಡಿ ಕಾರ್ಯಕರ್ತೆ.

“ಎಷ್ಟು ಹೋಗೈತಿ?” ಎಂದು ಕೇಳಿದೆ. ಅಭ್ಯಾಸದ ಪ್ರಶ್ನೆ.

“ನನ್ನ ರೊಕ್ಕ ಒಂದ್ ಪೈಸಾನೂ ಹೋಗಿಲ್ರಿ” ಎಂದಳು. “ನನ್ನ ಹೆಸರು ಹೋಗೈತಿ.”

ನಾನು ಪೆನ್ನು ಕೆಳಗಿಟ್ಟು, “ಕುಂದ್ರಿ” ಎಂದೆ.

ನಡೆದದ್ದು ಇದು. ಅವಳ ಓಣಿಯ ಹೆಂಗಸರೆಲ್ಲ ಭತ್ತದ ನಾಟಿ, ಕಳೆ, ಕೊಯ್ಲಿಗೆ ಹೋಗುವವರು. ಬ್ಯಾಂಕಿನವರು ಬೇಸಿಗೆಯಲ್ಲಿ ಊರಲ್ಲಿ ಕ್ಯಾಂಪು ಹಾಕಿ, ಹೆಬ್ಬೆರಳಚ್ಚು ಪಡೆದು ಖಾತೆ ತೆರೆದಾಗ ಮೊಬೈಲ್ ನಂಬರು ಕೇಳಿದರು. ಇವರಿಗೆ ಸ್ವಂತ ಫೋನಿಲ್ಲ, ಮನೆಯಲ್ಲಿ ಗಂಡಂದಿರದ್ದು ಇದೆ. ಆದರೆ ಗಂಡನ ನಂಬರು ಕೊಟ್ಟರೆ ಹಣ ಜಮೆಯಾದ ಸಂದೇಶ ಅವನಿಗೆ ಹೋಗುತ್ತದೆ, ಸಂಜೆಗೆ ಹಣ ಬ್ರಾಂದಿ ಅಂಗಡಿಗೆ ಹೋಗುತ್ತದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಎಲ್ಲರೂ ಒಂದೇ ನಂಬರು ಕೊಟ್ಟರು. ಅದು ಶಾರದಾಳದು. ಕ್ಯಾಂಪಿನ ಅಧಿಕಾರಿಗೆ ನಂಬರು ತುಂಬಿದರೆ ಸಾಕಾಗಿತ್ತು, ತುಂಬಿಕೊಂಡ. ಅಂದಿನಿಂದ ಯಾರ ಖಾತೆಗೆ ಹಣ ಬಂದರೂ ಸಂದೇಶ ಶಾರದಾಳ ಫೋನಿಗೆ. ತಾಯಂದಿರು ಮಕ್ಕಳನ್ನು ಬಿಡಲು ಬಂದಾಗ ಅವಳು ಕಿವಿಯಲ್ಲಿ ಹೇಳುತ್ತಿದ್ದಳು. ಯಾವ ಗಂಡನಿಗೂ ಗೊತ್ತಾಗುತ್ತಿರಲಿಲ್ಲ. ಈ ಏರ್ಪಾಟು ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. ಅದನ್ನು ಕೇಳಿ, ಇಷ್ಟು ಬುದ್ಧಿವಂತಿಕೆಯ ತಪ್ಪನ್ನು ನಾನು ನೋಡಿಯೇ ಇಲ್ಲ ಅನ್ನಿಸಿತು.

ಆಮೇಲೆ ಒಂದು ಶನಿವಾರ, ಬ್ಯಾಂಕಿಗೆ ರಜೆ ಇದ್ದಾಗ, ಸಾಲಾಗಿ ಸಂದೇಶಗಳು ಬಂದವು. ಹಣ ತೆಗೆದಿದೆ, ಹಣ ತೆಗೆದಿದೆ, ಹಣ ತೆಗೆದಿದೆ. ಬೇರೆ ರಾಜ್ಯದ ಯಾವುದೋ ಊರಿನಲ್ಲಿ, ಆಧಾರ್ ಯಂತ್ರಕ್ಕೆ ಹೆಬ್ಬೆರಳು ಒತ್ತಿ. ಶಾರದಾ ಎಲ್ಲವನ್ನೂ ಓದಿದಳು. ಆದರೆ ಅವಳು ಯಾರಿಗೂ ಹೇಳಲಿಲ್ಲ. ನಾಟಿ ಮಾಡಿ ದಣಿದು ಬಂದವರ ನಿದ್ದೆ ಯಾಕೆ ಕೆಡಿಸಲಿ, ಸೋಮವಾರ ತಾನೇ ಹೋಗಿ ಸರಿಮಾಡಿಸಿಕೊಂಡು ಬಂದು ಹೇಳಿದರಾಯಿತು ಎಂದುಕೊಂಡಳು. ಸೋಮವಾರ ಕಂಪ್ಲಿಯ ಶಾಖೆಗೆ ಹೋಗಿ ಬಾಯಿಮಾತಿನಲ್ಲಿ ಹೇಳಿದಳು. “ಸಿಸ್ಟಮ್ ಪ್ರಾಬ್ಲಮ್ ಇರಬೇಕು, ತಾನಾಗಿ ವಾಪಸ್ ಬರತೈತಿ, ಹೋಗ್ರಿ” ಎಂದರು. ಅವಳು ನಂಬಿ ಕಾದಳು. ಅಷ್ಟರಲ್ಲಿ ಅದೇ ಓಣಿಯ ಈರಮ್ಮ ಮಗಳ ಹೆರಿಗೆಗೆಂದು ಹಣ ತೆಗೆಯಲು ಹೋಗಿ, ಖಾತೆ ಖಾಲಿ ಎಂದು ತಿಳಿದು, ಓಣಿಗೇ ಬೆಂಕಿ ಬಿದ್ದಂತಾಯಿತು.

“ಮೆಸೇಜ್ ನಿನ್ನ ಫೋನಿಗೆ ಬಂದಾವ. ಮೊದಲ ನಿನಗ ಗೊತ್ತಾಗೈತಿ. ಬಾಯಿ ಮುಚ್ಕೊಂಡು ಕುಂತಿ ಯಾಕ?” ಇದು ಈರಮ್ಮನ ಪ್ರಶ್ನೆ. ಇದಕ್ಕೆ ಶಾರದಾಳ ಹತ್ತಿರ ಉತ್ತರವಿತ್ತು, ಆದರೆ ಆ ಉತ್ತರ ಯಾರಿಗೂ ಸಾಲಲಿಲ್ಲ. ಮಕ್ಕಳನ್ನು ಅಂಗನವಾಡಿಗೆ ಕಳಿಸುವುದು ನಿಂತಿತು. ಇವಳನ್ನು ಕೆಲಸದಿಂದ ತೆಗೆಯಿರಿ ಎಂದು ಮೇಲಿನ ಕಚೇರಿಗೆ ಅರ್ಜಿ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ.

ನಾನು ಅವಳ ಮಾತನ್ನು ಅವಳ ಮಾತಿನಲ್ಲೇ ತಿರುಗಿ ಹೇಳಿದೆ. ಅವಳು ಹೌದೆಂದಳು. ಆಮೇಲೆ ಕಹಿ ಮಾತು ಹೇಳಬೇಕಾಯಿತು. ಹಣ ಕಳೆದುಕೊಂಡವಳು ಅವಳಲ್ಲ. ಬ್ಯಾಂಕಿನ ಮೇಲೆ ದೂರು ಕೊಡುವ ಹಕ್ಕು ಖಾತೆದಾರರದು. “ನಿನ್ನ ಹೆಸರು ಉಳಿಸಬೇಕಂದ್ರ, ನಿನ್ನ ಕಳ್ಳಿ ಅಂದವರನ್ನ ನಾನು ಕಕ್ಷಿದಾರರು ಮಾಡ್ಕೋಬೇಕು. ಅವರು ಬರ್ತಾರೇನು?” ಎಂದೆ. ಶಾರದಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಅವರು ಬರುವುದಿಲ್ಲವಾದರೆ ನಾನೇ ಹೋಗಬೇಕು. ಹೋದೆ. ಖಾಲಿ ಅಂಗನವಾಡಿಯಲ್ಲಿ, ಗೋಡೆಯ ಮೇಲಿನ ಆನೆ ಅಳಿಲಿನ ಚಿತ್ರಗಳ ಕೆಳಗೆ, ಹೆಂಗಸರು ಬಂದು ಕುಳಿತರು. ಶಾರದಾ ಹೊರಗೆ ನಿಂತಿದ್ದಳು. ಈರಮ್ಮ ಎಲುಬಿನ ಹಂದರದಂಥ ಮುದುಕಿ, ಆದರೆ ಧ್ವನಿ ಕೋರ್ಟಿನ ಹೊರಗೆ ಹೆಸರು ಕೂಗುವ ಪ್ಯೂನನನ್ನೂ ಮೀರಿಸುವಂಥದ್ದು.

“ನಿಮ್ಮನ್ನ ಆಕಿನೇ ಕರ್ಕೊಂಡು ಬಂದಾಳ. ಆಕಿ ಪರವಾಗೇ ಮಾತಾಡ್ತೀರಿ” ಎಂದಳು.

“ರೊಕ್ಕ ತೆಗೆದದ್ದು ಹೆಬ್ಬೆರಳು ಒತ್ತಿ. ಅದಕ್ಕ ಫೋನು ಬೇಕಾಗಿಲ್ಲ, ಓಟಿಪಿ ಬೇಕಾಗಿಲ್ಲ. ಶಾರದಾನ ಹತ್ರ ಫೋನ್ ಐತಿ. ನಿನ್ನ ಹೆಬ್ಬೆರಳು ಯಾರ ಹತ್ರ ಐತಿ?” ಎಂದೆ.

ಈರಮ್ಮ ತನ್ನ ಕೈಯನ್ನು ತಾನೇ ನೋಡಿಕೊಂಡಳು. “ನನ್ನ ಹತ್ರ.”

“ಹಂಗಾದ್ರ ಕಳ್ಳಿ ಯಾರಾದ್ರು?”

ಹೆಂಗಸರು ನಕ್ಕುಬಿಟ್ಟರು. ಈರಮ್ಮ ನಗಲಿಲ್ಲ. ಪೂರ್ತಿ ನಂಬಲೂ ಇಲ್ಲ. ಹಣ ಬರುವುದಾದರೆ ಬರಲಿ ಎಂದು ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದಳು, ಆಮೇಲೆ ಶಾರದಾಳ ಕಡೆ ನೋಡದೆ ಹೊರಟುಹೋದಳು.

ಯಾವ ಬಾಗಿಲು ತಟ್ಟುವುದು ಎಂದು ನಾನು ಬಹಳ ಯೋಚಿಸಿದೆ. ಹೊಸಬರು ಇದನ್ನು ಗಮನವಿಟ್ಟು ಓದಿ. ಒಂಬುಡ್ಸ್‌ಮನ್ ಬಾಗಿಲು ಸಲೀಸು, ಆದರೆ ಅಲ್ಲಿ ಕಾಗದ ನೋಡಿ ತೀರ್ಮಾನ, ಸಾಕ್ಷಿ ಪಾಟೀಸವಾಲು ಇಲ್ಲ. ಅದೇ ವಿಷಯಕ್ಕೆ ಅಲ್ಲಿಗೂ ಗ್ರಾಹಕ ಆಯೋಗಕ್ಕೂ ಒಟ್ಟಿಗೆ ಹೋಗುವಂತಿಲ್ಲ. ಮಾಹಿತಿ ಕಾಪಾಡದ ಕಂಪನಿಯಿಂದ ಪರಿಹಾರ ಕೇಳಲು ಐಟಿ ಕಾಯ್ದೆಯಲ್ಲಿ ಬೆಂಗಳೂರಿನ ಅಧಿಕಾರಿಯ ಮುಂದೆ ಹೋಗುವ ದಾರಿ ಇದೆ. ನಾಟಿಯ ಕೂಲಿ ಬಿಟ್ಟು ಇವರು ಬೆಂಗಳೂರಿಗೆ ಎಷ್ಟು ಸಲ ಹೋದಾರು? ಈಗ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಹೊಸ ಕಾಯ್ದೆಯೂ ಬಂದಿದೆ. ದಂಡ ದೊಡ್ಡದೇ, ಆದರೆ ಅದು ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಈರಮ್ಮನ ಸೆರಗಿಗಲ್ಲ. ಅದು ಪೂರ್ತಿ ಜಾರಿಗೆ ಬಂದಾಗ ಐಟಿ ಕಾಯ್ದೆಯ ಆ ಪರಿಹಾರದ ಬಾಗಿಲೂ ಮುಚ್ಚುತ್ತದೆ, ಆದ್ದರಿಂದ ಯಾವ ಬಾಗಿಲು ಇವತ್ತು ತೆರೆದಿದೆ ಎಂದು ನೋಡಿಕೊಂಡೇ ಕಾಲಿಡಿ. ನನಗೆ ಬೇಕಾಗಿದ್ದು ಬ್ಯಾಂಕಿನವರನ್ನು ಎದುರಿಗೆ ನಿಲ್ಲಿಸಿ ಎಲ್ಲರ ಮುಂದೆ ಪ್ರಶ್ನೆ ಕೇಳುವ ಜಾಗ. ಅದು ಬಳ್ಳಾರಿಯ ಗ್ರಾಹಕ ಆಯೋಗ. ಒಂದೇ ರೀತಿ ನೊಂದವರು ಅನುಮತಿ ಪಡೆದು ಒಂದೇ ದೂರು ಕೊಡಬಹುದು. ಕೊಟ್ಟೆವು.

ಬ್ಯಾಂಕಿನ ಉತ್ತರ ಬಂತು. ಗ್ರಾಹಕರು ಬೇರೆಯವರ ನಂಬರು ಕೊಟ್ಟದ್ದೇ ನಿರ್ಲಕ್ಷ್ಯ. ಬರಹದ ದೂರು ತಡವಾಗಿದೆ. ಹಣ ಹೋದದ್ದು ಅವರದೇ ಬೆರಳಚ್ಚಿನಿಂದ, ಆದ್ದರಿಂದ ಅವರೇ ತೆಗೆದಿರಬೇಕು ಅಥವಾ ಆ ನಂಬರಿನ ಒಡತಿಯೊಂದಿಗೆ ಸೇರಿ ತೆಗೆಸಿರಬೇಕು. ಇದನ್ನು ಓದಿ ನನ್ನ ಮೈ ಉರಿಯಿತು. ಓಣಿಯಲ್ಲಿ ಆಡಿದ ಮಾತು ಈಗ ಕಾಗದದ ಮೇಲೆ ಬಂದಿತ್ತು. ಕೇಸು ಸೋತರೆ ಶಾರದಾ ಮೆಟ್ರಿಯಲ್ಲಿ ಬಾಳುವಂತಿರಲಿಲ್ಲ.

ಬ್ಯಾಂಕಿನ ವಕೀಲರು ಸಭ್ಯರೇ. ಅವರ ತಂತ್ರ ಹಳೆಯದು, ವಾಯಿದೆ ಕೇಳುವುದು. ಬೇಸಿಗೆಯಲ್ಲಿ ವಾಯಿದೆ, ಮಳೆ ಬಂದಾಗ ವಾಯಿದೆ, ಕಾಲುವೆಗೆ ನೀರು ಬಿಟ್ಟಾಗ ವಾಯಿದೆ. ಕೂಲಿ ಹೆಂಗಸರು ದಣಿದು ಬಿಟ್ಟುಹೋಗುತ್ತಾರೆ ಎಂಬ ಲೆಕ್ಕ. ಹಾಗೆ ಎಳೆದು ಎಳೆದು ಅವರು ಕೇಸನ್ನು ತಂದು ನಿಲ್ಲಿಸಿದ್ದು ಮತ್ತೊಂದು ನಾಟಿಯ ಹಂಗಾಮಿಗೆ. ಅಂದು ಆಯೋಗದ ಹೊರಗಿನ ಬೆಂಚಿನ ಮೇಲೆ ಈರಮ್ಮ ರೇಷನ್ ಅಂಗಡಿಯವನನ್ನು ಬೈಯುತ್ತಿದ್ದಳು.

“ಮೂರು ಸಲ ಹೋದೆ. ಅಕ್ಕಿ ಕೊಡವಲ್ಲ. ಬೆರಳು ಬರಂಗಿಲ್ಲ ಅಂತಾನ.”

“ಯಾಕ ಬರಂಗಿಲ್ಲ?” ಎಂದೆ.

“ನಾಟಿ ನಡದೈತಲ್ರಿ. ಕೆಸರಾಗ ಕೈ ಇಟ್ಟೂ ಇಟ್ಟೂ ಗೆರಿ ಅಳಿಸಿ ಹೋಗ್ತಾವ. ಬ್ಯಾಸಿಗ್ಯಾಗ ಮತ್ತ ಬರ್ತಾವ. ಎಲ್ಲಾರದೂ ಹಂಗ.” ಬಿಸಿಲಿನ ಬಗ್ಗೆ ಮಾತಾಡುವಷ್ಟು ಸಾಮಾನ್ಯವಾಗಿ ಹೇಳಿದಳು.

ನಾನು ಅವಳ ಕೈ ಹಿಡಿದು ನೋಡಿದೆ. ಹೆಬ್ಬೆರಳು ನುಣ್ಣಗಿತ್ತು. ಹಣ ಹೋದದ್ದು ಹೋದ ಸಲದ ನಾಟಿಯಲ್ಲಿ! ನನಗೆ ಅಲ್ಲೇ ಬೆಂಚಿನ ಮೇಲೆ ಕೂಗಿಬಿಡಬೇಕು ಅನ್ನಿಸಿತು. ಕೂಗಲಿಲ್ಲ. ಒಳಗೆ ಹೋಗಿ ಆಯೋಗದ ಅಧ್ಯಕ್ಷರಿಗೆ ಒಂದೇ ಕೋರಿಕೆ ಇಟ್ಟೆ: ಮುಂದಿನ ವಾಯಿದೆಗೆ ಬ್ಯಾಂಕಿನವರು ಹೆಬ್ಬೆರಳು ಒತ್ತುವ ತಮ್ಮ ಯಂತ್ರ ತರಲಿ. ಮತ್ತು ಆ ವಾಯಿದೆ ಬೇಗ ಇರಲಿ, ನಾಟಿ ಮುಗಿಯುವುದರೊಳಗೆ. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, ಒಪ್ಪಿದರು. ಬ್ಯಾಂಕಿನ ವಕೀಲರು ನಕ್ಕು ಒಪ್ಪಿದರು. ತಮ್ಮ ಯಂತ್ರದ ಮೇಲೆ ಅವರಿಗೆ ಅಷ್ಟು ಭರವಸೆ.

ಯಂತ್ರ ಬಂತು. ಈರಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳು ಒತ್ತಿದಳು. ಕೆಂಪು ದೀಪ. ಮತ್ತೆ ಒತ್ತಿದಳು. ಕೆಂಪು. ಬ್ಯಾಂಕಿನ ತಂತ್ರಜ್ಞರು ಗಾಜು ಒರೆಸಿದರು, ಬೆರಳು ಒರೆಸಿದರು, ಎಡಗೈ ಒತ್ತಿಸಿದರು. ಕೆಂಪು. ಬೇರೆ ಹೆಂಗಸರು ಬಂದು ಒತ್ತಿದರು. ಅವರದೂ ಅದೇ ಹಾಡು.

“ಸ್ವಾಮಿ,” ಎಂದೆ, “ಬದುಕಿರುವ ಬೆರಳನ್ನು ಇಲ್ಲಿ ಈ ಯಂತ್ರ ಒಪ್ಪುತ್ತಿಲ್ಲ. ಕಳೆದ ನಾಟಿಯಲ್ಲಿ, ಇವರೆಲ್ಲ ಮೆಟ್ರಿಯ ಗದ್ದೆಯಲ್ಲಿದ್ದಾಗ, ಎಲ್ಲೋ ದೂರದಲ್ಲಿ ಇದೇ ಬೆರಳನ್ನು ಮೊದಲ ಸಲಕ್ಕೇ ಒಪ್ಪಿತೆಂದು ಬ್ಯಾಂಕಿನ ದಾಖಲೆಯೇ ಹೇಳುತ್ತದೆ. ಅದು ಇವರ ಕೈಯಲ್ಲಿರುವ ಬೆರಳಲ್ಲ. ಬೇಸಿಗೆಯ ಕ್ಯಾಂಪಿನಲ್ಲಿ ಖಾತೆ ತೆರೆದಾಗ, ಗೆರೆ ಇದ್ದಾಗ, ಯಾರೋ ಎತ್ತಿಟ್ಟುಕೊಂಡ ಬೆರಳು. ಎತ್ತಿಟ್ಟುಕೊಂಡವರು ಯಾರೆಂದು ಬ್ಯಾಂಕು ಹೇಳಲಿ. ಗ್ರಾಹಕರ ತಪ್ಪೆಂದು ಸಾಬೀತು ಮಾಡುವ ಹೊರೆ ನಿಯಮದ ಪ್ರಕಾರ ಅವರದೇ.”

ನನ್ನ ಸೀನಿಯರ್ ಇದ್ದಿದ್ದರೆ ಏನನ್ನುತ್ತಿದ್ದರೋ! ಬಹುಶಃ ಕೋಟಿನ ಕಾಲರು ಸರಿಯಾಗಿಲ್ಲ ಎಂದು ಬೈಯುತ್ತಿದ್ದರು. ನನಗೆ ಮಾತ್ರ ಅಪ್ಪ ನೆನಪಾದರು, ಗ್ರೀಸು ಮೆತ್ತಿದ ಅವರ ಕೈ ನೆನಪಾಯಿತು.

ಬ್ಯಾಂಕಿನ ಪರವಾಗಿ ಕ್ಯಾಂಪಿನಲ್ಲಿ ಯಂತ್ರ ನಡೆಸಿದ್ದ ಗುತ್ತಿಗೆ ಕಂಪನಿಯ ಒಳ ತನಿಖಾ ವರದಿಯನ್ನು ತರಲು ಆಯೋಗ ಆದೇಶಿಸಿತು. ವರದಿ ಬಂತು. ಇಟ್ಟುಕೊಳ್ಳಬಾರದ ಬೆರಳಚ್ಚಿನ ಪ್ರತಿಗಳನ್ನು ಅವರು ಇಟ್ಟುಕೊಂಡಿದ್ದರು, ಅವು ಸೋರಿದ್ದವು, ಆಮೇಲೆ ಗುಟ್ಟಾಗಿ ಇಡೀ ವ್ಯವಸ್ಥೆ ಬದಲಿಸಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದರು.

ಅಂತಿಮ ವಾದಕ್ಕೆ ಮುಂಚೆ ಬ್ಯಾಂಕಿನ ವಕೀಲರು ನನ್ನನ್ನು ಬದಿಗೆ ಕರೆದರು. ಎಲ್ಲರ ಹಣ ಪೂರ್ತಿ ಕೊಡುತ್ತೇವೆ, ಮೇಲೊಂದಿಷ್ಟು ಸೇರಿಸಿ, ನಾಳೆಯೇ. ಒಂದೇ ಷರತ್ತು, ಯಾರ ತಪ್ಪು ಎಂದು ಎಲ್ಲಿಯೂ ಬರೆಯುವಂತಿಲ್ಲ, ದೂರು ವಾಪಸ್. ಕಕ್ಷಿದಾರರಿಗೆ ಹೇಳದೆ ತಿರಸ್ಕರಿಸುವ ಹಕ್ಕು ವಕೀಲರಿಗಿಲ್ಲ. ನಾನು ಹೊರಗೆ ಬಂದು, ಬೆಂಚಿನ ಮೇಲಿದ್ದವರಿಗೆ ಅವರ ಮಾತಿನಲ್ಲೇ ಹೇಳಿದೆ. ಒಪ್ಪಿದರೆ ಹಣ ಈಗ. ಒಪ್ಪದಿದ್ದರೆ ತೀರ್ಪು, ಮೇಲ್ಮನವಿ, ಇನ್ನೆಷ್ಟು ಕಾಲವೋ. ಸಾಕ್ಷಿ ಹೇಳಲು ಬಂದಿದ್ದ ಶಾರದಾ ಕಂಬಕ್ಕೆ ಒರಗಿ ನಿಂತಿದ್ದಳು. ಮೊದಲು ಮಾತಾಡಿದವಳೂ ಅವಳೇ.

“ತಗೋರ್ರಿ. ನನ್ನ ಸಲುವಾಗಿ ನಿಮಗ ಮತ್ತ ತಡಾ ಆಗೂದು ಬ್ಯಾಡ.”

ಹೆಂಗಸರು ಈರಮ್ಮನ ಕಡೆ ನೋಡಿದರು. ಹಣ ಅವರೆಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಅವಳಿಗೇ. ಮಗಳ ಹೆರಿಗೆಗೆ ಕೈಬಳೆ ಒತ್ತೆ ಇಟ್ಟಿದ್ದಳು. ಅವಳು ಬಹಳ ಹೊತ್ತು ತನ್ನ ಹೆಬ್ಬೆರಳನ್ನು ತೋರುಬೆರಳಿನಿಂದ ಉಜ್ಜುತ್ತ ಕುಳಿತಿದ್ದಳು.

“ನಮ್ಮ ರೊಕ್ಕ ನಮಗ ಬರತೈತಿ, ಖರೆ. ಈಕಿಗೇನ್ ಬರತೈತ್ರಿ?” ಎಂದಳು ಕೊನೆಗೆ. “ಯಾರ ತಪ್ಪೂ ಅಲ್ಲ ಅಂದ್ರ ಓಣ್ಯಾಗ ಈಕಿನೇ ಕಳ್ಳಿ ಆಗಿ ಉಳಿತಾಳ. ಮೊದಲ ಕಳ್ಳಿ ಅಂದಾಕಿ ನಾನು. ಬ್ಯಾಡ್ರಿ. ಬರಸ್ರಿ, ಯಾರ ತಪ್ಪು ಅಂತ. ಕಾಯ್ತೀವಿ.”

“ಮತ್ತ ಬಳಿ?” ಎಂದಳು ಪಕ್ಕದವಳು.

“ಬಳಿ ಎಲ್ಲಿ ಹೊಕ್ಕಾವ, ಸುಮ್ನಿರಲೇ.”

ಶಾರದಾ ಕಂಬದ ಆಚೆ ಮುಖ ತಿರುಗಿಸಿ ಅತ್ತಳು. ನಾನೂ ಕಣ್ಣೊರೆಸಿಕೊಂಡೆ, ಮುಚ್ಚಿಡುವುದೇನಿದೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ತಲೆಯೆತ್ತಿ ನಾನು ಯಾವ ಕೋರ್ಟ್ ಹಾಲಿನೊಳಗೂ ಹೋದದ್ದಿಲ್ಲ. “ರಾಜಿ ಇಲ್ಲ” ಎಂದು ಬ್ಯಾಂಕಿನ ವಕೀಲರಿಗೆ ಹೇಳಿದೆ.

ಕಾಯಬೇಕಾಯಿತು, ಕಾದರು. ಆದೇಶ ಬಂತು. ಗುತ್ತಿಗೆಯವರ ತಪ್ಪಿಗೆ ಬ್ಯಾಂಕೇ ಹೊಣೆ, ಹಣ ಬಡ್ಡಿ ಸಮೇತ ವಾಪಸ್, ಪರಿಹಾರ ಬೇರೆ. ನಂಬರು ಹಂಚಿಕೊಂಡದ್ದಕ್ಕೂ ಹಣ ಹೋದದ್ದಕ್ಕೂ ಸಂಬಂಧವಿಲ್ಲ. ನಾನು ಕೇಳಿ ಬರೆಸಿದ ಸಾಲೂ ಅದರಲ್ಲಿತ್ತು: ಶಾರದಾ ಅವರದು ಯಾವ ತಪ್ಪೂ ಇಲ್ಲ, ವಿಷಯ ತಿಳಿದ ಕೂಡಲೇ ಅವರು ಶಾಖೆಗೆ ಹೋಗಿ ತಿಳಿಸಿದ್ದರು. ಆ ಸಾಲನ್ನು ನಾನು ಮೆಟ್ರಿಯ ಅಂಗನವಾಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಈರಮ್ಮ ಅದನ್ನು ಇನ್ನೊಮ್ಮೆ ಓದಿಸಿದಳು, ಹೊರಗೆ ನಿಂತಿದ್ದ ಗಂಡಸರಿಗೂ ಕೇಳುವಂತೆ.

ಹೊರಡುವ ಮುಂಚೆ ನಾನು ಉಪದೇಶ ಮಾಡಿದೆ, ನಿಮಗೂ ಅದನ್ನೇ ಮಾಡುತ್ತೇನೆ. ಬಾಯಿಮಾತು ಬ್ಯಾಂಕಿಗೆ ಕೇಳಿಸುವುದಿಲ್ಲ, ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ, ತಪ್ಪು ನಿಮ್ಮದಲ್ಲದ ಸೋರಿಕೆಯಲ್ಲಿ ನಿಮಗೆ ನಷ್ಟವಿಲ್ಲ. ನಾನು ಕೋಟು ಮಡಚುವ ಹೊತ್ತಿಗೆ ಇದ್ದ ನಿಯಮ ಇದು, ಹೊಸದು ಬಂದಿದ್ದರೆ ನೋಡಿಕೊಳ್ಳಿ. ಮತ್ತು ಒಬ್ಬೊಬ್ಬರಿಗೂ ಅವರವರದೇ ನಂಬರು ಇರಲಿ, ಬೇರೆಯವರ ನಂಬರು ಕೊಡಲೇಬೇಡಿ. ಎಲ್ಲರೂ ತಲೆಯಾಡಿಸಿದರು. ಬಂದ ಪರಿಹಾರದಲ್ಲಿ ಸಣ್ಣ ಫೋನುಗಳನ್ನು ಕೊಂಡರು, ನಂಬರು ಬದಲಿಸಿದರು. ನನಗೆ ಬಹಳ ತೃಪ್ತಿಯಾಯಿತು.

ಕೋಟು ಮಡಚಿದ ಮೇಲೆ ಒಮ್ಮೆ, ಕಂಪ್ಲಿಗೆ ಮದುವೆಗೆ ಹೋದವಳು ಮೆಟ್ರಿಗೂ ಹೋದೆ. ಅಂಗನವಾಡಿ ಮಕ್ಕಳಿಂದ ಗಿಜಿಗುಡುತ್ತಿತ್ತು. ಶಾರದಾ ಬಡಿಸುತ್ತಿದ್ದಳು. ಆನೆ ಅಳಿಲಿನ ಚಿತ್ರಗಳ ಮೇಲಿನ ಹಲಗೆಯ ಮೇಲೆ ಸಾಲಾಗಿ ಫೋನುಗಳು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು ಬಳೆ ಚೂರು, ಒಂದಕ್ಕೆ ಕುಂಕುಮದ ಬೊಟ್ಟು, ಯಾರದು ಯಾವುದೆಂದು ಗುರುತಿಗೆ. ಓಣಿಯ ಫೋನೆಲ್ಲ ಅಲ್ಲೇ ಇದ್ದವು.

ನನಗೆ ರೇಗಿತು. ಅಷ್ಟು ಹೊತ್ತಿಗೆ ಮೊಮ್ಮಗಳನ್ನು ಕರೆದೊಯ್ಯಲು ಬಂದ ಈರಮ್ಮ ಸಿಕ್ಕಳು. ಕೈಯಲ್ಲಿ ಬಳೆ ಇದ್ದವು.

“ನಾನೇನು ಹೇಳಿದ್ದೆ? ಅವರವರ ನಂಬರ್ ಅಂತ ಹೇಳಿದ್ದಿಲ್ಲೇನು?”

“ನಂಬರ್ ನಂದೇ ಐತ್ರಿ ವಕೀಲಮ್ಮ, ನೀವು ಹೇಳಿದಂಗ ಮಾಡೀನಿ. ಫೋನ್ ಅಷ್ಟ ಇಲ್ಲಿ. ಮನ್ಯಾಗಿಟ್ರ ಗಂಡ ನೋಡ್ತಾನಲ್ರಿ.” ಅವಳು ಹಲಗೆಯಿಂದ ಕುಂಕುಮ ಹಚ್ಚಿದ ಫೋನನ್ನು ಎತ್ತಿ, ನೋಡಿ, ಮತ್ತೆ ಅದೇ ಜಾಗದಲ್ಲಿಟ್ಟಳು. ಆಮೇಲೆ ನನಗೇ ಸಮಾಧಾನ ಹೇಳುವಂತೆ ನನ್ನ ಭುಜ ತಟ್ಟಿ, ಆ ದೊಡ್ಡ ಧ್ವನಿಯಲ್ಲಿ, ಶಾರದಾಳಿಗೂ ಓಣಿಗೂ ಕೇಳುವಂತೆ ಅಂದಳು:

“ನೀವ್ಯಾಕ ಚಿಂತಿ ಮಾಡ್ತೀರಿ? ಈಕಿ ಹತ್ರ ಇಟ್ಟದ್ದು ಕಳುವಾಗಂಗಿಲ್ಲ.”